ಕಾಯೋದಕ್ಕೂ ಒಂದು ಆಳಾ?

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಫಲಿತಾಂಶ. ಆ ವಿದ್ಯಾಸಂಸ್ಥೆಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಎರಡೇ ನಿಮಿಷಕ್ಕೆ ಅಣ್ಣನ ಮಗಳ ಫೋನು. ಅವಳು ಓದೋದೂ ಅಲ್ಲೇ. "ಅತ್ತೆ, ಸುತ್ತುತ್ತಾನೇ ಇದೆ, ಓಪನ್ನೇ ಆಗ್ತಿಲ್ಲ" ಅಂತ ಅಳು. ನನ್ನ ಸರ್ವರ್ ಮಲಗಿಬಿಟ್ಟಿತ್ತು. ಎಬ್ಬಿಸೋಕೆ ಮೂರು ಗಂಟೆ ಹಿಡಿಯಿತು.

ಊರಿಗೆ ಹೋದಾಗ ಅಪ್ಪಯ್ಯನ ಹತ್ತಿರ ಗೋಳು ತೋಡಿಕೊಂಡೆ. ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು ಅವರು.

"ಸರ್ವರ್ ಅಂದ್ರೆ ನಮ್ಮ ಸಪ್ಲೈಯರ್ ಇದ್ದ ಹಾಗಾ?"

"ಹೂಂ ಅಪ್ಪಯ್ಯ. ಬಂದ ಒಬ್ಬೊಬ್ಬ ಗಿರಾಕಿಗೂ ಒಬ್ಬೊಬ್ಬ."

"ದೋಸೆ ಬೇಯೋ ತನಕ ಅವನೇನು ಮಾಡ್ತಾನೆ?"

"ಕಾಯ್ತಾ ನಿಂತಿರ್ತಾನೆ."

"ಕಾಯೋದಕ್ಕೂ ಒಂದು ಆಳಾ ಮಾರಾಯ್ತಿ!" ಅಂತ ನಕ್ಕರು.

ನಿಜಕ್ಕೂ ನನ್ನ ತಪ್ಪು ಅದೇ ಆಗಿತ್ತು. ಒಬ್ಬೊಬ್ಬ ವಿದ್ಯಾರ್ಥಿ ಬಂದಾಗಲೂ ಒಂದು 'ಥ್ರೆಡ್' ನೇಮಿಸಿದ್ದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಥ್ರೆಡ್‌ಗೂ 8 ಎಂಬಿ ಜಾಗ ಕಾದಿರಿಸುತ್ತಾರೆ. ಹಳ್ಳಿಯ ನೆಟ್‌ವರ್ಕ್ ನಿಧಾನ. ಪುಟ ತೊಟ್ಟುತೊಟ್ಟಾಗಿ ಹೋಗೋವರೆಗೂ ಥ್ರೆಡ್ ಸುಮ್ಮನೆ ನಿಂತಿರುತ್ತೆ. ಸಾವಿರಾರು ಜನ ಒಟ್ಟಿಗೆ ಬಂದರೆ ಕೆಲಸಕ್ಕಿಂತ ಆಳುಗಳ ನೂಕುನುಗ್ಗಲೇ ಜಾಸ್ತಿ.

ಈ ತಲೆನೋವು ನನ್ನೊಬ್ಬಳದಲ್ಲ. ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಜನರನ್ನು ಹೇಗೆ ಸಂಭಾಳಿಸಬೇಕು ಅನ್ನೋ ಪ್ರಶ್ನೆಗೆ 1999ರಲ್ಲೇ ಡ್ಯಾನ್ ಕೆಗೆಲ್ 'ಸಿ10ಕೆ' ಅಂತ ಹೆಸರಿಟ್ಟಿದ್ದರು. ರಷ್ಯಾದ ಇಗೋರ್ ಸಿಸೊಯೆವ್ ಇದೇ ಸಮಸ್ಯೆ ಬಿಡಿಸೋಕೆ 'ಎಂಜಿನ್‌ಎಕ್ಸ್' ಬರೆದು 2004ರಲ್ಲಿ ಎಲ್ಲರಿಗೂ ಕೊಟ್ಟರು. 2009ರಲ್ಲಿ ರಯಾನ್ ಡಾಲ್ ಅವರ 'ನೋಡ್ ಜೆಎಸ್' ಬಂತು. ಎಲ್ಲದರ ಗುಟ್ಟೂ ಅಪ್ಪಯ್ಯನ ಹೋಟೆಲಿನದೇ: ಒಬ್ಬನೇ ಚುರುಕು ಸಪ್ಲೈಯರ್, ಹತ್ತಾರು ಟೇಬಲ್. ಆರ್ಡರ್ ಒಳಗೆ ಕೂಗಿ ಮುಂದಿನ ಟೇಬಲ್‌ಗೆ ಹೋಗ್ತಾನೆ. "ದೋಸೆ ರೆಡಿ" ಅಂತ ಕೂಗು ಬಂದಾಗ ಮಾತ್ರ ತಿರುಗ್ತಾನೆ.

ಆ ಕೂಗು ಹಾಕೋ ವ್ಯವಸ್ಥೆಗೆ ಲಿನಕ್ಸ್‌ನಲ್ಲಿ 'ಇಪೋಲ್' ಅಂತ ಹೆಸರು. ಹಳೆಯ 'ಸೆಲೆಕ್ಟ್' ಪದ್ಧತಿಯಲ್ಲಿ ಪ್ರತಿ ಸಲವೂ ಎಲ್ಲಾ ಟೇಬಲ್ ಸುತ್ತಿ "ನಿಮ್ಮದಾಯ್ತಾ?" ಅಂತ ಕೇಳಬೇಕಿತ್ತು, ಅದೂ ಸಾಮಾನ್ಯವಾಗಿ 1024ರ ಮಿತಿಯೊಳಗೆ. ಇಪೋಲ್ ಸಿದ್ಧವಾದವರ ಪಟ್ಟಿಯನ್ನಷ್ಟೇ ಕೈಗಿಡುತ್ತೆ.

ಸರಿ, ಎಲ್ಲಾ ಅಳಿಸಿ ಹೊಸದಾಗಿ ಬರೆದೆ. ಗೆದ್ದೆ ಅಂದುಕೊಂಡೆ. ಪರೀಕ್ಷಿಸಿ ನೋಡಿದರೆ ಮತ್ತೆ ಸ್ತಬ್ಧ! ಅಂಕಪಟ್ಟಿಯ ಪಿಡಿಎಫ್ ತಯಾರಿಸೋ ಕೆಲಸವನ್ನೂ ಅದೇ ಸಪ್ಲೈಯರ್‌ಗೆ ಕೊಟ್ಟಿದ್ದೆ. ಫೋನಲ್ಲಿ ಹೇಳಿದ್ದಕ್ಕೆ ಅಪ್ಪಯ್ಯ, "ಇರೋ ಒಬ್ಬನನ್ನು ರುಬ್ಬೋಕೆ ಕೂರಿಸಿದ್ರೆ ಹೊರಗೆ ಯಾರೇ ನೋಡ್ತಾರೆ?" ಅಂದ್ರು. ಒಬ್ಬನೇ ಓಡಾಡೋ ಪದ್ಧತಿಯ ದೊಡ್ಡ ಅಪಾಯವೇ ಇದು. ಅವನೊಬ್ಬ ನಿಂತರೆ ಇಡೀ ಹೋಟೆಲೇ ನಿಲ್ಲುತ್ತೆ. ಪಿಡಿಎಫ್ ಕೆಲಸಕ್ಕೆ ಒಳಗೆ ಬೇರೆಯೇ ನಾಲ್ಕು ಕೆಲಸಗಾರರನ್ನಿಟ್ಟೆ. ಅವರಿಗೂ ಕೈತುಂಬಿದಾಗ "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅನ್ನೋ ಬೋರ್ಡು ನೇತುಹಾಕಿದೆ. ಬಂದವರನ್ನೆಲ್ಲ ಒಳಗೆ ತುಂಬಿಸಿ ಉಸಿರುಗಟ್ಟಿಸೋದಕ್ಕಿಂತ ಬಾಗಿಲಲ್ಲೇ ನಿಜ ಹೇಳೋದು ವಾಸಿ.

ಮರುವರ್ಷ ಫಲಿತಾಂಶದ ದಿನ ಫೋನ್ ಎದುರಿಟ್ಟುಕೊಂಡು ಕೂತಿದ್ದೆ. ಹನ್ನೊಂದೂ ಹತ್ತಾದರೂ ಯಾರೂ ಮಾಡಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಅಣ್ಣನ ಮಗಳಿಗೆ ಮಾಡಿದೆ. "ಆಗ್ಲೇ ನೋಡ್ಕೊಂಡೆ ಅತ್ತೆ, ಪಾಸು. ಈಗ ಫ್ರೆಂಡ್ಸ್ ಜೊತೆ ಇದೀನಿ, ಆಮೇಲೆ ಮಾಡ್ತೀನಿ" ಅಂತ ಇಟ್ಟೇಬಿಟ್ಟಳು. ಅಷ್ಟು ಖುಷಿ ಕೊಟ್ಟ ಫೋನ್ ಕರೆ ಇನ್ನೊಂದಿಲ್ಲ.

ಓದುಗರಿಗೊಂದು ಕಿವಿಮಾತು: ಫಲಿತಾಂಶದ ದಿನ ಪುಟ ಸುತ್ತುತ್ತಿದ್ದರೆ ಪದೇ ಪದೇ ರಿಫ್ರೆಶ್ ಒತ್ತಬೇಡಿ. ಒತ್ತಿದಾಗಲೆಲ್ಲ ಬಾಗಿಲಲ್ಲಿ ಇನ್ನೊಬ್ಬ ಗಿರಾಕಿ ಬಂದು ನಿಂತ ಹಾಗೆ. ಒಂದು ಲೋಟ ಕಾಫಿ ಕುಡಿದು ಬನ್ನಿ.