ಸಿಸ್ಟರ್ ಬಂದಾಗ ಕೊಟ್ಟಿಗೆಯ ಸುದ್ದಿಯನ್ನೂ ಹೇಳಿ



ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ನನಗೆ ಫೋನ್ ಮಾಡುತ್ತೀರಿ. ಕೆಚ್ಚಲು ಸ್ವಲ್ಪ ಗಟ್ಟಿಯಾದರೂ ಬೆಳಗಿನ ಹಾಲು ಸಂಘಕ್ಕೆ ಹೋಗುವ ಮೊದಲೇ ಫೋನ್ ಬಂದಿರುತ್ತದೆ. ಆದರೆ ನಿಮಗೇ ಹದಿನೈದು ದಿನದಿಂದ ಜ್ವರ ಬರುತ್ತಿದ್ದರೆ ಯಾರಿಗೆ ಹೇಳುತ್ತೀರಿ? ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ. ಅಂಗಡಿಯಿಂದ ಮಾತ್ರೆ ತರಿಸಿ ನುಂಗಿ, ಮತ್ತೆ ಕೊಟ್ಟಿಗೆಗೆ ಹೋಗುತ್ತೀರಿ. ಈ ಸಂಚಿಕೆಯಲ್ಲಿ ನಿಮ್ಮ ಆರೋಗ್ಯದ ಬಗ್ಗೆ, ಅದನ್ನು ಕಾಯುವ ನಿಮ್ಮ ಊರಿನ ಸಿಸ್ಟರ್ ಬಗ್ಗೆ ಬರೆಯುತ್ತಿದ್ದೇನೆ.

ಒಂದು ಮನೆಯಲ್ಲಿ ನಡೆದದ್ದು

ನಾನು ಹೋಗುವ ಹಳ್ಳಿಯೊಂದರಲ್ಲಿ ಒಬ್ಬ ಅಕ್ಕನ ಹಸು ಏಳು ತಿಂಗಳಿಗೆ ಕಂದು ಹಾಕಿತು. ಕಸವೂ ಬೀಳಲಿಲ್ಲ. ನಾನು ಹೋಗಿ ಚಿಕಿತ್ಸೆ ಕೊಟ್ಟು, ರಕ್ತದ ಮಾದರಿ ತೆಗೆದುಕೊಂಡು ಬಂದೆ. ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್, ಅಂದರೆ ಕಂದು ಹಾಕುವ ರೋಗ ಎಂದು ಗೊತ್ತಾಯಿತು. ಅವರ ಮಗನಿಗೆ ಫೋನ್ ಮಾಡಿ, ಹಸುವನ್ನು ಬೇರೆ ಕಡೆ ಕಟ್ಟಿ ಎಂದು ಹೇಳಿದೆ. ಸತ್ತ ಕರುವನ್ನು ಎತ್ತಿದವರು ಯಾರು, ನೆಲ ತೊಳೆದವರು ಯಾರು ಎಂದು ಮಾತ್ರ ಕೇಳಲಿಲ್ಲ. ಅದು ನನ್ನ ತಪ್ಪು.

ಎರಡು ತಿಂಗಳ ಮೇಲೆ ಆ ಊರಿನ ಸಿಸ್ಟರ್ ಅವರ ಸೊಸೆಯನ್ನು ನೋಡಲು ಮನೆಗೆ ಹೋಗಿದ್ದರು. ಸೊಸೆ ಆರು ತಿಂಗಳ ಗರ್ಭಿಣಿ. ತಾಯಿ ಕಾರ್ಡ್ ನೋಡಿ, ಬಿ.ಪಿ. ಪರೀಕ್ಷಿಸಿ ಹೊರಡುವಾಗ ಅತ್ತೆ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದು ಕಂಡಿತು.

“ಯಾಕಕ್ಕಾ, ಹುಷಾರಿಲ್ವಾ?”

“ಒಂದು ತಿಂಗಳಾಯ್ತು ಸಿಸ್ಟರ್. ಸಾಯಂಕಾಲ ಜ್ವರ ಬರುತ್ತೆ, ರಾತ್ರಿಯೆಲ್ಲ ಬೆವರುತ್ತೆ. ಹಾಲು ಕರೆಯೋ ಹೊತ್ತಿಗೆ ಹೆಂಗೋ ಎದ್ದೇಳ್ತೀನಿ. ಸೊಂಟ, ಕೀಲು ಎಲ್ಲಾ ನೋವು.”

ಆ ಅಕ್ಕ ಅಷ್ಟರಲ್ಲಿ ಮೂರು ಸಲ ಪೇಟೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದರು. ಎರಡು ದಿನ ಕಡಿಮೆಯಾಗಿ ಮತ್ತೆ ಜ್ವರ ಬರುತ್ತಿತ್ತು. ಸಿಸ್ಟರ್ ಕೊಟ್ಟಿಗೆಯ ಕಡೆ ನೋಡಿ ಇನ್ನೊಂದು ಪ್ರಶ್ನೆ ಕೇಳಿದರು: “ಹಸು ಯಾವುದಾದರೂ ಕಂದು ಹಾಕಿತ್ತಾ?”

ಆ ಪ್ರಶ್ನೆಯಿಂದ ರೋಗದ ಜಾಡು ಸಿಕ್ಕಿತು. ಸಿಸ್ಟರ್ ನನಗೆ ಫೋನ್ ಮಾಡಿದರು, ನಾನು ಹಸುವಿನ ಫಲಿತಾಂಶ ಹೇಳಿದೆ. ಅವರು ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಅದೇ ಕಾಯಿಲೆ. ಆರು ವಾರ ಮಾತ್ರೆ. ಎರಡನೇ ವಾರಕ್ಕೇ ಜ್ವರ ನಿಂತು, ಅಕ್ಕ ಮಾತ್ರೆ ಬಿಡಲು ಹೊರಟಿದ್ದರು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು ಮಾತ್ರೆಯ ಪಟ್ಟಿ ನೋಡಿ ಹೋಗುತ್ತಿದ್ದರಿಂದ ಪೂರ್ತಿ ಮುಗಿಸಿದರು. ಸೊಸೆಯ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ದೇವರ ದಯೆಯಿಂದ ಅವರಿಗೆ ಏನೂ ಇರಲಿಲ್ಲ. ಈಗ ಆ ಮನೆಯಲ್ಲಿ ಹೆಣ್ಣು ಮಗು ಆಡುತ್ತಿದೆ.

ಸಿಸ್ಟರ್ ಎಂದರೆ ಸೂಜಿ ಹಾಕುವವರಷ್ಟೇ ಅಲ್ಲ

ನಮ್ಮ ಸಂಘದ ಕೃತಕ ಗರ್ಭಧಾರಣೆ ಕಾರ್ಯಕರ್ತರು ಊರಲ್ಲೇ ಇರುತ್ತಾರೆ. ಯಾವ ಮನೆಯ ಹಸು ಯಾವಾಗ ಬೆದೆಗೆ ಬಂತು, ಯಾವುದು ಕಟ್ಟಲಿಲ್ಲ ಎಂಬುದು ಅವರಿಗೆ ಗೊತ್ತು. ಅವರು ಹೇಳಿದ್ದರಿಂದಲೇ ನನಗೆ ಅರ್ಧ ರೋಗ ತಿಳಿಯುತ್ತದೆ. ಮನುಷ್ಯರ ಆರೋಗ್ಯದಲ್ಲಿ ಸಿಸ್ಟರ್ ಕೆಲಸವೂ ಹಾಗೆಯೇ.

ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ಸರ್ಕಾರದ ನಿಯಮ. ಅಲ್ಲಿರುವ ಸಿಸ್ಟರ್‌ಗೆ ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಹಲವು ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಯೂ ಇದ್ದಾರೆ. ಗರ್ಭಿಣಿ, ಬಾಣಂತಿ, ಮಕ್ಕಳ ಲಸಿಕೆಯ ಜೊತೆಗೆ 30 ವರ್ಷ ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆ ಪರೀಕ್ಷೆ, ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆಗೆ ಕಳಿಸುವುದು, ಇವೆಲ್ಲ ಅವರ ಕೆಲಸ. ದೊಡ್ಡ ಕಾಯಿಲೆಗೆ ಅವರು ತಾವೇ ಔಷಧ ಕೊಡುವುದಿಲ್ಲ. ಆದರೆ ಯಾರನ್ನು, ಯಾವಾಗ, ಯಾವ ಆಸ್ಪತ್ರೆಗೆ ಕಳಿಸಬೇಕು ಎಂಬುದು ಅವರಿಗೆ ಗೊತ್ತು. ಮನೆಯೊಳಗೆ ಬಂದು ನೋಡುವುದರಿಂದ, ಐದು ನಿಮಿಷ ನಿಮ್ಮನ್ನು ನೋಡುವ ಪೇಟೆಯ ವೈದ್ಯರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಕಂದು ರೋಗ ನಮಗೆ ಹೇಗೆ ಬರುತ್ತದೆ?

ರೋಗವಿರುವ ಹಸು ಸಾಮಾನ್ಯವಾಗಿ ಐದು ತಿಂಗಳು ತುಂಬಿದ ಮೇಲೆ ಕಂದು ಹಾಕುತ್ತದೆ. ಆಗ ಸತ್ತ ಕರು, ಕಸ, ಸೋರುವ ದ್ರವ ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಕೈಯ ಸಣ್ಣ ಗೀರಿನಿಂದಲೂ ಒಳಗೆ ಹೋಗುತ್ತದೆ. ಹಾಲಿನಲ್ಲೂ ರೋಗಾಣು ಬರುತ್ತದೆ. ಡೇರಿಯಲ್ಲಿ ಹಾಲನ್ನು ಪಾಶ್ಚರೀಕರಿಸುವುದರಿಂದ ಪಟ್ಟಣದ ಗ್ರಾಹಕರಿಗೆ ತೊಂದರೆಯಿಲ್ಲ. ಅಪಾಯ ಇರುವುದು ಕರೆದ ಕೂಡಲೇ ನೊರೆಹಾಲು ಕುಡಿಯುವ ನಮ್ಮ ಮನೆಯ ಮಕ್ಕಳಿಗೆ. ಚೆನ್ನಾಗಿ ಕಾಯಿಸಿದರೆ ರೋಗಾಣು ಸಾಯುತ್ತದೆ.

ಇನ್ನೊಂದು ವಿಷಯ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿಸಿ ಕರು ಹಾಕಬಹುದು. ಆದರೂ ರೋಗ ಅದರ ಮೈಯಲ್ಲೇ ಇರುತ್ತದೆ, ಅದನ್ನು ವಾಸಿ ಮಾಡುವ ಖಚಿತ ಔಷಧ ಹಸುಗಳಿಗೆ ಇಲ್ಲ. ಮನುಷ್ಯರಿಗೆ ಔಷಧವಿದೆ, ಲಸಿಕೆ ಇಲ್ಲ. ಗರ್ಭಿಣಿಗೆ ಈ ರೋಗ ಬಂದರೆ ಗರ್ಭಪಾತವಾಗುವ ಅಪಾಯವಿದೆ.

ಸಿಸ್ಟರ್‌ಗೆ ಏನು ಹೇಳಬೇಕು?

1. ಜ್ವರ ಒಂದು ವಾರ ದಾಟಿದರೆ, “ಮನೆಯಲ್ಲಿ ಹಸು ಇದೆ, ನಾನೇ ಹಾಲು ಕರೆಯುತ್ತೇನೆ” ಎಂದು ಮೊದಲೇ ಹೇಳಿ. ಟೈಫಾಯ್ಡ್, ಮಲೇರಿಯಾಗಳಲ್ಲೂ ಹೀಗೆಯೇ ಜ್ವರ ಬರುವುದರಿಂದ, ನೀವು ಹೇಳದಿದ್ದರೆ ಕಂದು ರೋಗದ ಪರೀಕ್ಷೆ ಯಾರಿಗೂ ಹೊಳೆಯುವುದಿಲ್ಲ.

2. ಹಿಂದಿನ ಆರು ತಿಂಗಳಲ್ಲಿ ಹಸು, ಎಮ್ಮೆ, ಕುರಿ, ಮೇಕೆ ಯಾವುದು ಕಂದು ಹಾಕಿದ್ದರೂ ಹೇಳಿ. ಸೋಂಕು ತಗುಲಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೂ ಜ್ವರ ಬರಬಹುದು.

3. ಮನೆಯಲ್ಲಿ ಗರ್ಭಿಣಿ ಇದ್ದು ಹಸು ಕಂದು ಹಾಕಿದರೆ, ಜ್ವರ ಇಲ್ಲದಿದ್ದರೂ ಅದೇ ದಿನ ಹೇಳಿ.

4. ಹಸು ಜೊಲ್ಲು ಸುರಿಸುತ್ತಾ, ಗೊಗ್ಗರು ದನಿಯಲ್ಲಿ ಕೂಗುತ್ತಾ, ನೀರು ನುಂಗಲಾಗದೆ ಒದ್ದಾಡುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ಕಡಿತದ ರೇಬೀಸ್ ಇರಬಹುದು. ಈಗಾಗಲೇ ಕೈ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಅರಿಶಿನ, ಸುಣ್ಣ ಹಚ್ಚಿ ಕಾಯಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ.

5. ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿದರೆ ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿರಿ ಎಂಬುದನ್ನೂ ಹೇಳಿ.

ಕೊಟ್ಟಿಗೆಯಲ್ಲಿ ಏನು ಮಾಡಬೇಕು?

ಹಸು ಕಂದು ಹಾಕಿದರೆ ಕೈಗವಸು ಇಲ್ಲದೆ ಏನನ್ನೂ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಕೈಗೆ ಎರಡು ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿ. ಕರು, ಕಸ, ಕೆಳಗೆ ಹಾಸಿದ ಹುಲ್ಲು ಎಲ್ಲವನ್ನೂ ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ತಿಪ್ಪೆಗೆ ಎಸೆಯಬೇಡಿ. ನೆಲಕ್ಕೆ ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕಿ. ಹಸುವನ್ನು ಬೇರೆ ಕಟ್ಟಿ ನನಗೆ ಫೋನ್ ಮಾಡಿ, ರಕ್ತ ಪರೀಕ್ಷೆ ಮಾಡಿಸೋಣ. ಗರ್ಭಿಣಿಯರು, ಮಕ್ಕಳು ಆ ಕಡೆ ಹೋಗುವುದು ಬೇಡ.

ನಿಮ್ಮ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಂದೇ ಒಂದು ಸಲ ಲಸಿಕೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಇದು ಉಚಿತ. ಎಂಟು ತಿಂಗಳು ದಾಟಿದ ಮೇಲೆ ಕೇಳಿದರೆ ಹಾಕಲು ಬರುವುದಿಲ್ಲ. ಆದ್ದರಿಂದ ಕರುವಿಗೆ ಮೂರು ತಿಂಗಳು ತುಂಬಿದಾಗಲೇ ಸಂಘದಲ್ಲಿ ಹೆಸರು ಬರೆಸಿ.

ಕೊನೆಯದಾಗಿ

ಆ ಘಟನೆಯ ನಂತರ ನಾನೂ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕಂದು ಹಾಕಿದ ಹಸುವನ್ನು ನೋಡಿ ಬಂದ ದಿನ ಆ ಊರಿನ ಸಿಸ್ಟರ್‌ಗೆ ಫೋನ್ ಮಾಡಿ ಮನೆಯ ವಿವರ ಹೇಳುತ್ತೇನೆ. ಕೆಲವು ಊರುಗಳಲ್ಲಿ ಸಿಸ್ಟರ್ ಹೆಸರೇ ನಮ್ಮ ಸಂಘದವರಿಗೆ ಗೊತ್ತಿರಲಿಲ್ಲ. ನೀವು ಒಂದು ಕೆಲಸ ಮಾಡಿ: ಸಂಘದ ಗೋಡೆಯ ಮೇಲೆ ನನ್ನ ನಂಬರ್ ಬರೆದಿರುವ ಕಡೆ, ಅದರ ಕೆಳಗೇ ನಿಮ್ಮ ಉಪಕೇಂದ್ರದ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆಯ ನಂಬರ್ ಬರೆಸಿ. ಮುಂದಿನ ಸಾಮಾನ್ಯ ಸಭೆಗೆ ಅವರನ್ನೂ ಕರೆಯಿರಿ. ಹಸುವಿಗೆ ಮೈ ಸರಿಯಿಲ್ಲದಿದ್ದರೆ ಮೊದಲ ನಂಬರ್‌ಗೆ ಮಾಡಿ. ನಿಮಗೆ ಮೈ ಸರಿಯಿಲ್ಲದಿದ್ದರೆ, ಸಂಜೆ ಹಾಲು ಹಾಕಿ ಬಂದ ಮೇಲೆ ನೋಡೋಣ ಎನ್ನದೆ, ಎರಡನೆಯದಕ್ಕೆ ಮಾಡಿ.