ಒಂದು ಹುಲಿಗೆ ಎಷ್ಟು ಜಿಂಕೆ ಬೇಕು?

ಮಕ್ಕಳೇ, ಹುಲಿಯ ಶತ್ರು ಯಾರು ಅಂತ ಕೇಳಿದರೆ ಥಟ್ಟನೆ "ಕಳ್ಳಬೇಟೆಗಾರ" ಅನ್ನುತ್ತೀರಿ. ಸರಿಯೇ. ಚರ್ಮ, ಮೂಳೆ, ಉಗುರಿನ ಆಸೆಗೆ ಹುಲಿ ಕೊಲ್ಲುವವರು ಇನ್ನೂ ಇದ್ದಾರೆ. ಆದರೆ ಬಣ್ಣದ ಹೂ ಬಿಡುವ ಒಂದು ಪೊದೆಯೂ ಹುಲಿಗೆ ಶತ್ರು ಅಂದ್ರೆ ನಂಬ್ತೀರಾ? ಮೊದಲು ಹುಲಿಯ ಹೊಟ್ಟೆಯ ಲೆಕ್ಕ ನೋಡೋಣ.

ಹೊಟ್ಟೆಯ ಲೆಕ್ಕ

ಹುಲಿ ಹೆಚ್ಚುಕಡಿಮೆ ವಾರಕ್ಕೊಂದು ದೊಡ್ಡ ಪ್ರಾಣಿಯನ್ನು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 50 ಆಯಿತು. ಹಾಗಾದ್ರೆ ಕಾಡಿನಲ್ಲಿ 50 ಜಿಂಕೆ ಇದ್ದರೆ ಸಾಕಾ? ಸಾಲದು. ಅಷ್ಟನ್ನೂ ತಿಂದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಹಿಂಡು ಕರಗದಿರಬೇಕಾದರೆ ಹತ್ತರಲ್ಲಿ ಒಂದರಷ್ಟು ಮಾತ್ರ ಹುಲಿಯ ಪಾಲಾಗಬೇಕು. ಅಂದರೆ ಒಂದು ಹುಲಿಗೆ ಸುಮಾರು 500 ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳಿರುವ ಕಾಡು ಬೇಕು.

ಪೊದೆಯ ಕೆಡುಕು

ಆ ಪೊದೆಯ ಹೆಸರು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಸುಮಾರು 200 ವರ್ಷಗಳ ಹಿಂದೆ ಅಂದಕ್ಕೆಂದು ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ತಾಳವಾಡಿ, ಬಂಡೀಪುರ, ನೀಲಗಿರಿಯ ಕಾಡುಗಳಲ್ಲಿ ಅದು ಆಳೆತ್ತರ ಬೆಳೆದು ನಿಂತಿದೆ. ಅದರ ಅಡಿ ಬಿಸಿಲು ಬೀಳದೆ ಹುಲ್ಲು ಸಾಯುತ್ತದೆ. ಅದರ ಎಲೆಯಲ್ಲಿ ವಿಷ ಇರುವುದರಿಂದ ಮೇಯುವ ಪ್ರಾಣಿಗಳು ಮುಟ್ಟುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ ಇಲ್ಲ, ಜಿಂಕೆ ಇಲ್ಲದಿದ್ದರೆ ಹುಲಿ ಇಲ್ಲ.

ಹಸು ಸತ್ತಾಗ

ಕಾಡಿನಲ್ಲಿ ಬೇಟೆ ಕಡಿಮೆಯಾದಾಗ, ಇಲ್ಲವೇ ದನಗಳೇ ಕಾಡಿಗೆ ಮೇಯಲು ಹೋದಾಗ, ಹುಲಿ ಹಸುವಿನ ಮೇಲೆ ಬೀಳುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಇದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರೆಯುವ ಹಸು ಕಳೆದುಕೊಂಡ ಮನೆಯ ಸಂಕಟವೂ ಸುಳ್ಳಲ್ಲ. ಪರಿಹಾರದ ಹಣ ಬೇಗ ಕೈಸೇರಿದರೆ ಸಿಟ್ಟು ವಿಷವಾಗುವುದು ತಪ್ಪುತ್ತದೆ.

ಉಳಿಸುವ ಕೆಲಸ

1973ರಲ್ಲಿ 9 ಕಾಡುಗಳೊಂದಿಗೆ ಹುಲಿ ಯೋಜನೆ ಶುರುವಾಯಿತು. ಅವುಗಳಲ್ಲಿ ಬಂಡೀಪುರವೂ ಒಂದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ, ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ. ಆದ್ದರಿಂದ ಕಾಡಿನ ದಾರಿಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಎಣಿಸುತ್ತಾರೆ. ದೇಶದಲ್ಲಿ 2006ರಲ್ಲಿ 1,411 ಇದ್ದ ಅಂದಾಜು 2022ಕ್ಕೆ 3,682 ಆಯಿತು. ತಾಳವಾಡಿಯ ಸುತ್ತಲಿನ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಮೀಸಲು ಆಯಿತು. ದಿಂಬಂ ಘಾಟಿಯಲ್ಲಿ ರಾತ್ರಿ ವಾಹನಗಳಿಗೆ ತಡೆ ಇರುವುದೂ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದು ಅಂತಲೇ.

ಸತ್ಯಮಂಗಲ, ಮುದುಮಲೆ, ಬಂಡೀಪುರ, ನಾಗರಹೊಳೆ, ವಯನಾಡು ಮೂರು ರಾಜ್ಯಗಳಲ್ಲಿವೆ. ಹುಲಿಗೆ ಮಾತ್ರ ಅದು ಒಂದೇ ಕಾಡು. ಬೆಳೆದ ಮರಿ ತನ್ನದೇ ಜಾಗ ಹುಡುಕಿಕೊಂಡು ಗಡಿ ದಾಟಿ ಹೋಗುತ್ತದೆ. ನಡುವಿನ ದಾರಿ ಮುಚ್ಚಿದರೆ ಅದು ಊರಿಗೇ ಬರಬೇಕಾಗುತ್ತದೆ.

ಮಾಡಿ ನೋಡಿ: ಒಂದು ಕಾಡಿನಲ್ಲಿ 6,000 ಬೇಟೆಪ್ರಾಣಿಗಳಿವೆ. ಎಷ್ಟು ಹುಲಿ ಬದುಕಬಹುದು? ಲಂಟಾನ ಹಬ್ಬಿ ಪ್ರಾಣಿಗಳು ಅರ್ಧಕ್ಕೆ ಇಳಿದರೆ? ಉಳಿದ ಹುಲಿಗಳು ಎಲ್ಲಿಗೆ ಹೋಗುತ್ತವೆ? ತರಗತಿಯಲ್ಲಿ ಚರ್ಚಿಸಿ.