ಹತ್ತಿಯ ಗುಲಾಬಿ ಕಾಯಿಕೊರಕದ ಸುಳಿವು ನೀಡುವ ಮೋಹಕ ಬಲೆ

ರೇಷ್ಮೆ ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಹೊಟ್ಟೆಯ ತುದಿಯನ್ನು ಮೇಲೆತ್ತಿ ಕುಳಿತಿರುತ್ತದೆ. ಗಂಡು ಚಿಟ್ಟೆ ರೆಕ್ಕೆ ಬಡಿಯುತ್ತಾ ಅದನ್ನು ಹುಡುಕಿಕೊಂಡು ಬರುತ್ತದೆ. ಹೆಣ್ಣು ಹೊರಸೂಸುವ ಒಂದು ವಾಸನೆಯೇ ಇದಕ್ಕೆ ಕಾರಣ. ಜರ್ಮನಿಯ ವಿಜ್ಞಾನಿ ಬುಟೆನಾಂಟ್ ಮತ್ತು ಅವರ ಸಂಗಡಿಗರು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂನಷ್ಟು ಈ ವಸ್ತುವನ್ನು ಬೇರ್ಪಡಿಸಿ, 1959ರಲ್ಲಿ ಅದನ್ನು ಗುರುತಿಸಿದರು. ಒಂದು ಜಾತಿಯ ಕೀಟಗಳು ಪರಸ್ಪರ ಸಂದೇಶಕ್ಕಾಗಿ ಸೂಸುವ ಇಂತಹ ವಸ್ತುಗಳಿಗೆ ಫೆರೊಮೋನ್ ಎಂದು ಹೆಸರು.

ಹೆಣ್ಣು ಸೂಸುವ ಲಿಂಗಾಕರ್ಷಕ ವಾಸನೆಗೆ ಸಾಮಾನ್ಯವಾಗಿ ಅದೇ ಜಾತಿಯ ಗಂಡು ಮಾತ್ರ ಓಗೊಡುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕದ ಆಕರ್ಷಕವನ್ನು 1973ರಲ್ಲಿ ಗುರುತಿಸಲಾಯಿತು. ಈಗ ಅದನ್ನು ಕೃತಕವಾಗಿ ತಯಾರಿಸಿ, ಚಿಕ್ಕ ರಬ್ಬರ್ ಬಿರಡೆಯಲ್ಲಿ ತುಂಬಿ, ಲ್ಯೂರ್ ಎಂಬ ಹೆಸರಿನಲ್ಲಿ ಮಾರುತ್ತಾರೆ.

ಬಲೆ ಏಕೆ ಬೇಕು?

ಈ ಕೀಟದ ಮರಿಹುಳು ಮೊಟ್ಟೆಯೊಡೆದ ಸ್ವಲ್ಪ ಕಾಲದಲ್ಲೇ ಮೊಗ್ಗು ಅಥವಾ ಕಾಯಿಯನ್ನು ಕೊರೆದು ಒಳಸೇರುತ್ತದೆ. ಕೊರೆದ ರಂಧ್ರವೂ ಮುಚ್ಚಿಹೋಗುವುದರಿಂದ ಕಾಯಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಎಷ್ಟು ಔಷಧಿ ಸಿಂಪಡಿಸಿದರೂ ಹುಳುವಿಗೆ ತಗಲುವುದಿಲ್ಲ; ಖರ್ಚು ಮಾತ್ರ ಉಳಿಯುತ್ತದೆ. 2014-15ರ ಹೊತ್ತಿಗೆ ಎರಡು ಜೀನ್‌ಗಳ ಬಿಟಿ ಹತ್ತಿಯ ಕಾಯಿಗಳಲ್ಲೂ ಈ ಹುಳು ಬದುಕುಳಿಯುವುದು ಕಂಡುಬಂದಿತು. ಆದ್ದರಿಂದ ಬಿಟಿ ಬೀಜ ಬಿತ್ತಿದ್ದೇವೆಂದು ನಿಶ್ಚಿಂತರಾಗಿರುವಂತಿಲ್ಲ. ಪತಂಗಗಳು ಹಾರಾಡತೊಡಗಿದ್ದನ್ನು ಮೊದಲೇ ತಿಳಿಯಲು ಮೋಹಕ ಬಲೆ ಸುಲಭ ಸಾಧನ.

ಬಳಸುವ ಕ್ರಮ

1. ಬಿತ್ತನೆಯಾದ 45 ದಿನಗಳ ನಂತರ ಎಕರೆಗೆ 2 ಬಲೆಗಳನ್ನು ಕಟ್ಟಬೇಕು.

2. ಬಲೆಯು ಬೆಳೆಯ ತುದಿಗಿಂತ ಸುಮಾರು ಒಂದು ಅಡಿ ಮೇಲಿರಬೇಕು. ಗಿಡ ಬೆಳೆದಂತೆ ಬಲೆಯನ್ನೂ ಏರಿಸಬೇಕು.

3. ಗುಲಾಬಿ ಕಾಯಿಕೊರಕದ ಲ್ಯೂರನ್ನೇ ಕೇಳಿ ಪಡೆಯಬೇಕು. ಹಸಿರು ಕಾಯಿಕೊರಕದ ಲ್ಯೂರ್ ಇಲ್ಲಿ ಕೆಲಸಕ್ಕೆ ಬಾರದು. ಒಂದು ಬಲೆಗೆ ಒಂದೇ ಲ್ಯೂರ್ ಇರಲಿ.

4. ವಾಸನೆ ದಿನೇ ದಿನೇ ಕುಗ್ಗುವುದರಿಂದ 3-4 ವಾರಗಳಿಗೊಮ್ಮೆ ಲ್ಯೂರ್ ಬದಲಿಸಬೇಕು. ಹಳೆಯ ಲ್ಯೂರ್ ಇರುವ ಬಲೆ ಬರಿದಾಗಿದ್ದರೆ ಹೊಲದಲ್ಲಿ ಕೀಟವಿಲ್ಲವೆಂದು ತಿಳಿಯಬಾರದು.

5. ಪ್ರತಿದಿನ ಬೆಳಿಗ್ಗೆ ಬಿದ್ದ ಪತಂಗಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದಿಟ್ಟು, ಬಲೆಯನ್ನು ಖಾಲಿ ಮಾಡಬೇಕು.

ಸಿಂಪರಣೆ ಯಾವಾಗ?

ಬಲೆಯೊಂದಕ್ಕೆ ರಾತ್ರಿಗೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ ಅದು ಎಚ್ಚರಿಕೆಯ ಮಟ್ಟ. ಜೊತೆಗೆ ಹೊಲದ ಬೇರೆ ಬೇರೆ ಕಡೆಯಿಂದ 20 ಎಳೆಯ ಹಸಿರು ಕಾಯಿಗಳನ್ನು ಕಿತ್ತು ಸೀಳಿ ನೋಡಬೇಕು. ಎರಡು ಅಥವಾ ಹೆಚ್ಚು ಕಾಯಿಗಳಲ್ಲಿ ಹುಳು ಕಂಡರೂ ಹತೋಟಿ ಕ್ರಮ ಅಗತ್ಯ. ಇವೆರಡರಲ್ಲಿ ಯಾವುದು ಕಂಡುಬಂದರೂ ತಡಮಾಡದೆ ಶಿಫಾರಸು ಮಾಡಿದ ಕೀಟನಾಶಕವನ್ನು ಸಿಂಪಡಿಸಬೇಕು. ಈ ಮಟ್ಟ ಮುಟ್ಟದಿದ್ದರೆ ಸಿಂಪರಣೆಯ ಖರ್ಚು ಉಳಿಯುತ್ತದೆ, ಪರೋಪಕಾರಿ ಕೀಟಗಳೂ ಉಳಿಯುತ್ತವೆ.

ಒಂದು ತಪ್ಪು ತಿಳಿವಳಿಕೆ

ಬಲೆ ತುಂಬ ಪತಂಗ ಬಿದ್ದವು, ಕೀಟ ನಾಶವಾಯಿತು ಎಂದು ಕೆಲವರು ಸಮಾಧಾನಪಡುತ್ತಾರೆ. ಬಲೆಗೆ ಬೀಳುವುದು ಗಂಡು ಮಾತ್ರ. ಮೊಟ್ಟೆಯಿಡುವ ಹೆಣ್ಣು ಹೊಲದಲ್ಲೇ ಇರುತ್ತದೆ. ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಎಕರೆಗೆ 8-10 ಬಲೆಗಳನ್ನಿಟ್ಟು ಗಂಡುಗಳನ್ನು ಸಾಮೂಹಿಕವಾಗಿ ಹಿಡಿಯುವ ಕ್ರಮವೂ ಉಂಟು. ಆದರೆ ಒಬ್ಬರ ಹೊಲದಲ್ಲಿ ಮಾತ್ರ ಮಾಡಿದರೆ ನೆರೆಹೊಲದಲ್ಲಿ ಕೂಡಿದ ಹೆಣ್ಣುಗಳು ಹಾರಿಬಂದು ಮೊಟ್ಟೆಯಿಡುತ್ತವೆ. ಅಕ್ಕಪಕ್ಕದ ರೈತರೆಲ್ಲ ಒಟ್ಟಾಗಿ ಕೈಗೊಂಡರೆ ಮಾತ್ರ ಇದರ ಫಲ ಕಾಣುತ್ತದೆ.

ಬಲೆ ಕೀಟವನ್ನು ಕೊಲ್ಲುವ ಔಷಧಿಯಲ್ಲ, ಕೀಟ ಬಂದಿದೆಯೆಂದು ಹೇಳುವ ಕಾವಲುಗಾರ. ಕಟ್ಟಿ ಮರೆತ ಬಲೆಯಿಂದ ಪ್ರಯೋಜನವಿಲ್ಲ. ದಿನವೂ ಎಣಿಸಿ ಬರೆದಿಟ್ಟ ಲೆಕ್ಕವೇ ರೈತರಿಗೆ ಸಕಾಲದಲ್ಲಿ ದಾರಿ ತೋರಿಸುತ್ತದೆ.